ಬಂಗಡೆ ಬಲ್ಲ ಕೈಗೆ ಬಂದ ಕುದುರೆ

ಸುಗಂಧಾಬಾಯಿ ಕಣ್ಣಿಗಿಂತ ಕೈಯನ್ನೇ ಹೆಚ್ಚು ನಂಬಿದವಳು. ಎದುರಿಗೆ ಬಂದದ್ದು ಬಂಗಡೆ ಮೀನಿರಲಿ, ಬದನೆಕಾಯಿಯಿರಲಿ, ನೆರೆಮನೆಯ ಹಸುಗೂಸಿರಲಿ, ಊರಿಗೆ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರರ ಹೆಂಡತಿ ಉಟ್ಟ ರೇಷ್ಮೆ ಸೀರೆಯೇ ಇರಲಿ, ಮೊದಲು ಬಲಗೈಯ ಹಿಂಬದಿಯಿಂದ ಒಮ್ಮೆ ಸವರಿ, ಆಮೇಲೆ ಹೆಬ್ಬೆರಳಿನಿಂದ ಒತ್ತಿ, ಅನಂತರವೇ ಅಭಿಪ್ರಾಯ ಹೇಳುವಳು; ಆ ಅಭಿಪ್ರಾಯಕ್ಕೆ ಮೇಲ್ಮನವಿಯೆಂಬುದಿಲ್ಲ. ‘ಹೇಳ್ತೆ ಕೇಳು’ ಎಂದು ಶುರುವಾದ ಅವಳ ಮಾತು ಮುಗಿಯುವ ತನಕ ಎದುರಿಗಿದ್ದವರು ಕೆಮ್ಮುವುದಕ್ಕೂ ಅಪ್ಪಣೆ ಕೇಳಬೇಕು!

ತಲೆಯ ಮೇಲೆ ಮೀನಿನ ಬುಟ್ಟಿ ಇಲ್ಲದಾಗಲೂ ಇದ್ದಂತೆಯೇ ಅವಳ ನಡಿಗೆ: ಕತ್ತು ನೆಟ್ಟಗೆ, ನಿಶ್ಚಲ, ಅವಸರವೆಲ್ಲ ಕಾಲಿನಲ್ಲಿ. ಕಚ್ಚೆ ಹಾಕಿ ಉಟ್ಟ ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ, ಬೇಸಿಗೆಯಾದರೂ ಅದೇ, ಮಳೆಗಾಲವಾದರೂ ಅದೇ. ಕಡಲಂಚಿನ ಅರ್ಗಾ ಊರಿನ ಮನೆ ನೌಕಾನೆಲೆಯ ಬೇಲಿಯೊಳಗೆ ಸೇರಿದ ಮೇಲೆ ಹೆದ್ದಾರಿಯಾಚೆಯ ಪುನರ್ವಸತಿ ಕಾಲೊನಿಗೆ ಬಂದು ಏಳೆಂಟು ವರ್ಷಗಳಾಗಿದ್ದವು. ಸಮುದ್ರ ಅಂಗಳದಿಂದ ಎರಡು ಮೈಲಿ ದೂರ ಸರಿದಿತ್ತು. ಆದರೆ ಕಾರವಾರದ ಮೀನುಪೇಟೆಯಲ್ಲಿ ಅವಳ ಜಾಗ ಒಂದು ಗೇಣೂ ಸರಿದಿರಲಿಲ್ಲ. ಬೆಳಗ್ಗೆ ಬಂದ ಮೀನನ್ನು ಐಸಿನ ಪುಡಿಯ ಮೇಲೆ ಮಲಗಿಸಿ, ಕಲ್ಲುಪ್ಪು ತೂರಿ, ಒದ್ದೆ ಗೋಣಿ ಹೊದಿಸಿದಳೆಂದರೆ ಸಂಜೆ ಐದಕ್ಕೂ ಕಿವಿರು ಕೆಂಪಗೇ ಇರುತ್ತಿತ್ತು. ನಲವತ್ತು ವರ್ಷಗಳಲ್ಲಿ ಮೀನು ಕೆಟ್ಟಿದೆಯೆಂದು ಅವಳ ಬಳಿಗೆ ಹಿಂದಿರುಗಿ ಬಂದವರಿಲ್ಲ.

ಈ ಖ್ಯಾತಿಯೇ ಅವಳ ಅಂಗಳಕ್ಕೆ ಕುದುರೆಯನ್ನು ತಂದು ಕಟ್ಟಿತು.

ಅದೇ ಕಾಲೊನಿಯ ದೇವಾನಂದನೆಂಬವನೊಬ್ಬ ಮೋತಿ ಎಂಬ ಬಿಳಿ ಹೆಣ್ಣುಕುದುರೆಯನ್ನು ಸಾಕಿಕೊಂಡಿದ್ದ. ಸಂಜೆ ಕಾರವಾರದ ಕಡಲದಂಡೆಯಲ್ಲಿ ಅದು ಮಕ್ಕಳನ್ನು ಹೊತ್ತು ತಿರುಗುತ್ತಿತ್ತು, ಮದುವೆಯ ದಿನಗಳಲ್ಲಿ ಬೆವರೊರೆಸಿಕೊಳ್ಳುವ ಮದುಮಗನನ್ನು. ಹೆಂಡತಿ ಮಕ್ಕಳಿಲ್ಲದ ಆ ಮನುಷ್ಯನಿಗೆ ಬಳಗವೆಂದರೂ ಅದೇ, ಬದುಕೆಂದರೂ ಅದೇ. ಎರಡು ಸಾವಿರದ ಏಳರ ಏಪ್ರಿಲ್‌ನಲ್ಲಿ ಹರ್ನಿಯಾ ಆಪರೇಷನ್ನಿಗಾಗಿ ಅವನು ಗೋವಾದ ಆಸ್ಪತ್ರೆಗೆ ಹೋಗಬೇಕಾಗಿ ಬಂತು. ಒಂದು ತಿಂಗಳು ಕುದುರೆಯನ್ನು ಯಾರಲ್ಲಿ ಬಿಡುವುದು? ಕಾಲೊನಿಯಲ್ಲಿ ಬೇಸಿಗೆಗೂ ಬತ್ತದ ಬಾವಿ ಸುಗಂಧಾಬಾಯಿಯ ಅಂಗಳದ್ದು. ಹಗ್ಗ ಹಿಡಿದು ಅಲ್ಲಿಗೇ ಬಂದ.

‘ಬಾಯಿ, ನಿನ್ನ ಬುಟ್ಟಿ ಬಂಗಡೆ ಸಂಜೆವರೆಗೂ ತಂಪಿರ್ತದೆ. ನನ್ನ ಮೋತಿನೂ ಹಾಂಗೇ ತಂಪಾಗಿ ಇಡು ಮಾರಾಯ್ತಿ. ಈ ಸೆಕೆ ಅದ್ಕೆ ತಡಿಯೂದಿಲ್ಲ. ನಂಗೆ ಬೇರೆ ಯಾರಿದ್ದಾರೆ?’

ಸುಗಂಧಾಬಾಯಿ ಕುದುರೆಯ ಕುತ್ತಿಗೆಯನ್ನು ಸವರಿದಳು, ಹೆಬ್ಬೆರಳಿನಿಂದ ಒತ್ತಿದಳು. ‘ಹೇಳ್ತೆ ಕೇಳು. ನೀ ಬಿಟ್ಟು ಹೋದ ಹಾಂಗೇ ತಿರುಗಿ ಕೊಡ್ತೆ. ಇದು ನನ್ನ ಮಾತು.’

ಮಾತು ಕೊಟ್ಟಾಯಿತು. ಇನ್ನು ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ! ಮರ ಬೆಳೆಯದ ಆ ಕೆಂಪು ನೆಲದಲ್ಲಿ ಒಂದೇ ದಿನದೊಳಗೆ ತೆಂಗಿನ ಮಡಲಿನ ಚಪ್ಪರ ಎದ್ದಿತು. ದಿನಕ್ಕೆ ಆರು ಸಲ ಕೊಡಪಾನಗಟ್ಟಲೆ ನೀರು, ಅದರಲ್ಲಿ ಚಿಟಿಕೆ ಉಪ್ಪು. ಬಿಸಿಲೇರುವ ಮೊದಲೇ ಹುಲ್ಲು. ಕುದುರೆ ಸೀನಿದರೆ ಸುಗಂಧಾಬಾಯಿ ಒಲೆಯ ಮೇಲಿನ ಸಾರು ಬಿಟ್ಟು ಓಡುವಳು. ‘ನನ್ನ ಬಾಣಂತನಕ್ಕೂ ನೀವು ಇಷ್ಟು ಮಾಡ್ಲಿಲ್ಲ ಅತ್ತೇ!’ ಎಂದು ಸೊಸೆ ರೂಪಾಲಿ ಅಣಕಿಸಿದರೆ, ‘ನೀನು ಬಾಯಿ ಬಿಟ್ಟು ಕೇಳ್ತಿದ್ದೆ, ಅದು ಕೇಳ್ತದ್ಯಾ?’ ಎಂದು ಉತ್ತರ ಸಿದ್ಧವಾಗಿತ್ತು.

ಮೂರನೆಯ ವಾರದಲ್ಲೊಂದು ದಿನ ಗಾಳಿಯೇ ಸತ್ತಂತಾಯಿತು. ಹತ್ತು ಗಂಟೆಗೇ ಮಡಲಿನ ಒಂದು ಗರಿಯೂ ಅಲುಗದು. ಉಟ್ಟ ಬಟ್ಟೆ ಮೈಗಂಟಿ, ಬೆವರು ಆರದೆ, ಉಸಿರೆಳೆದರೆ ಬೆಂದ ಆವಿಯನ್ನೇ ಕುಡಿದಂತೆ. ಮೋತಿ ತಲೆ ತಗ್ಗಿಸಿ ಮೇವು ಮುಟ್ಟದೆ ನಿಂತಿತು. ಸುಗಂಧಾಬಾಯಿ ಆ ದಿನ ಪೇಟೆಗೆ ಹೋಗಲಿಲ್ಲ. ನಲವತ್ತು ವರ್ಷಗಳ ತನ್ನ ವಿದ್ಯೆಯನ್ನೆಲ್ಲ ಅಂಗಳಕ್ಕಿಳಿಸಿದಳು: ಎಂಟು ಗೋಣಿಗಳನ್ನು ಬಾವಿಯ ನೀರಿನಲ್ಲಿ ಅದ್ದಿ, ಕುದುರೆಯನ್ನು ಕುತ್ತಿಗೆಯಿಂದ ಬಾಲದವರೆಗೆ ಹೊದಿಸಿ, ಹಗ್ಗದಿಂದ ಬಿಗಿದು, ಮೇಲಿಂದ ಐಸಿನ ಪುಡಿ ಚೆಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

ನೋಡಲು ಬಂದ ನೆರೆಮನೆಯ ದುರ್ಗಿ, ‘ಎರಡು ಲಿಂಬೆಹೋಳು ಇಟ್ಬಿಡೇ, ಊಟಕ್ಕೆ ಬಡಿಸೂಕೆ ಅಡ್ಡಿಲ್ಲ!’ ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಆ ನಗು ಅರ್ಧ ಗಂಟೆಯೂ ಬಾಳಲಿಲ್ಲ. ಮೋತಿಯ ಹೊಟ್ಟೆ ತಿದಿಯೊತ್ತಿದ ಹಾಗೆ ಏರಿಳಿಯತೊಡಗಿತು, ಮೂಗಿನ ಹೊಳ್ಳೆಗಳು ಅರಳಿ ಕೆಂಪಾದವು, ಮುಂಗಾಲು ನಡುಗಿತು. ‘ಇನ್ನೆರಡು ಗೋಣಿ ತಾ!’ ಎಂದು ಸುಗಂಧಾಬಾಯಿ ಕೂಗಿದಳು. ತಂದರು, ಹೊದಿಸಿದಳು. ಉಸಿರು ಮತ್ತಷ್ಟು ಜೋರಾಯಿತು. ರೂಪಾಲಿ ತನ್ನ ಮೊಬೈಲಿನಿಂದ ಅಂಕೋಲೆಯ ದನದ ಡಾಕ್ಟರಿಗೆ ಫೋನು ಹಚ್ಚಿದಳು. ಅವರು ಯಾವುದೋ ಹಳ್ಳಿಗೆ ಎಮ್ಮೆಯ ಕರು ತೆಗೆಯಲು ಹೋಗಿದ್ದಾರೆ, ಬಂದ ಕೂಡಲೇ ಕಳಿಸುತ್ತೇವೆ ಎಂದು ಕಂಪೌಂಡರನ ಉತ್ತರ ಬಂತು. ಸುಗಂಧಾಬಾಯಿಗೆ ತಾನು ಕೊಟ್ಟ ಮಾತು ನೆನಪಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ದಿನ ಎಣಿಸುತ್ತಿದ್ದ ದೇವಾನಂದನಿಗೆ ಹೇಗೆ ಮುಖ ತೋರಿಸುವುದು?

‘ತಂಗೀ, ಎಂತಾ ಆಯ್ತೇ ನಿಂಗೆ?’ ಎನ್ನುತ್ತ ಅವಳು ತನ್ನ ಹಳೆಯ ಅಭ್ಯಾಸದಂತೆ ಗೋಣಿಯಡಿಗೆ ಕೈ ತೂರಿಸಿದಳು. ತೂರಿಸಿದವಳು ಚುರುಕ್ಕೆಂದು ಹಿಂದಕ್ಕೆಳೆದುಕೊಂಡಳು. ಮೇಲೆ ಮುಟ್ಟಿದರೆ ಹಿಮ, ಒಳಗೆ ಅನ್ನ ಬೇಯುವ ಪಾತ್ರೆಯ ಮುಚ್ಚಳ ತೆಗೆದಂಥ ಬಿಸಿ!

ಒಂದು ಗಳಿಗೆ ಆ ಕೈಯನ್ನೇ ನೋಡಿದಳು. ಮರುಗಳಿಗೆ ಅಂಗಳವೇ ಅದುರುವಂತೆ ಕೂಗಿದಳು: ‘ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ್ಲಿ! ಮೀನಿನ ಒಳಗೆ ಒಲೆ ಇಲ್ಲ, ಇದ್ರ ಒಳಗೆ ಉರಿತಾ ಇದೆ! ಬಿಚ್ಚೇ ರೂಪಾಲಿ, ಎಲ್ಲಾ ಬಿಚ್ಚು!’

ಹಗ್ಗದ ಗಂಟು ನೆನೆದು ಬಿಗಿದಿತ್ತು. ಮೀನು ಕೊಯ್ಯುವ ಕತ್ತಿಯಿಂದಲೇ ಕೊಯ್ದಳು. ಹತ್ತು ಗೋಣಿಗಳೂ ನೆಲಕ್ಕೆ ಬಿದ್ದವು. ಮೀನಿನ ಪೆಟ್ಟಿಗೆಯಲ್ಲಿ ಉಳಿದ ಐಸನ್ನೆಲ್ಲ ಬಕೆಟ್ಟಿನ ಬಾವಿನೀರಿಗೆ ಸುರಿದು, ಆ ನೀರನ್ನು ಕೊಡಪಾನದಿಂದ ಕುದುರೆಯ ಮೈಗೆರೆದಳು. ಎರೆದ ನೀರು ಕ್ಷಣದಲ್ಲಿ ಬೆಚ್ಚಗಾಗುವುದು ಅಂಗೈಗೆ ತಿಳಿಯಿತು. ಅದನ್ನು ಅಲ್ಲೇ ನಿಲ್ಲಗೊಡದೆ, ಮೀನಿನ ಪೊರೆ ತೆಗೆಯುವ ವೇಗದಲ್ಲಿ ಅಂಗೈಯಂಚಿನಿಂದ ಬಳಿದು ಇಳಿಸಿದಳು. ಮತ್ತೆ ಎರೆದಳು, ಮತ್ತೆ ಬಳಿದಳು. ‘ಗಾಳಿ! ಗಾಳಿ ಹಾಕ್ರೇ!’ ಕರೆಂಟು ಬೆಳಗ್ಗೆಯೇ ಹೋಗಿತ್ತು. ದುರ್ಗಿ ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡಳು. ಅವಳನ್ನು ನೋಡಿ ಕಾಲೊನಿಯ ಹೆಂಗಸರೆಲ್ಲ ತಮ್ಮ ತಮ್ಮ ಮುಚ್ಚಳ ತಂದರು. ಇತ್ತ ನಾಲ್ವರು, ಅತ್ತ ನಾಲ್ವರು ನಿಂತು ಬೀಸಿದರು ನೋಡಿ, ಮಹಾರಾಜನ ಆಸ್ಥಾನದ ಕುದುರೆಗೂ ಅಂಥ ಸೇವೆ ಸಂದಿರಲಾರದು! ಮುಕ್ಕಾಲು ಗಂಟೆ ಬಾವಿಯ ರಾಟೆ ನಿಲ್ಲಲಿಲ್ಲ.

ಮೊದಲು ಕಾಲಿನ ನಡುಕ ನಿಂತಿತು. ಆಮೇಲೆ ಉಸಿರು ನಿಧಾನವಾಯಿತು. ಕೊನೆಗೆ ಮೋತಿ ತಲೆಯೆತ್ತಿ, ಮೈಯನ್ನೊಮ್ಮೆ ಬಲವಾಗಿ ಕೊಡವಿ, ಎಂಟು ಮಂದಿ ಹೆಂಗಸರನ್ನೂ ತೋಯಿಸಿ, ಬಕೆಟ್ಟಿಗೆ ಮೂತಿಯಿಟ್ಟು ಗಟಗಟನೆ ಕುಡಿಯಿತು. ಅಂಗಳದಲ್ಲಿ ಹೋ ಎಂದು ಕೇಕೆ ಎದ್ದಿತು. ಸುಗಂಧಾಬಾಯಿ ಮಾತ್ರ ಬಾವಿಕಟ್ಟೆಯ ಮೇಲೆ ಕುಸಿದು ಕೂತು, ಖಾಕಿ ಅಂಗಿಯ ತೋಳಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮಧ್ಯಾಹ್ನ ಬೈಕಿನಲ್ಲಿ ಬಂದ ಡಾಕ್ಟರ್ ರವಿಕಿರಣ ಕುದುರೆಯನ್ನು ಪರೀಕ್ಷಿಸಿ, ಬಿದ್ದಿದ್ದ ಗೋಣಿಗಳನ್ನು ನೋಡಿ, ‘ಇವು ಇನ್ನರ್ಧ ಗಂಟೆ ಮೈಮೇಲಿದ್ದಿದ್ರೆ ನಾ ಬಂದೂ ಉಪಯೋಗ ಇರ್ಲಿಲ್ಲ. ಬಿಚ್ಚೂಕೆ ಯಾರು ಹೇಳಿದ್ದು ನಿಮ್ಗೆ?’ ಎಂದರು. ಸುಗಂಧಾಬಾಯಿ ಕೆಂಪಾದ ತನ್ನ ಅಂಗೈಯನ್ನು ಮುಂದೆ ಹಿಡಿದಳು.

ಮೇ ತಿಂಗಳಲ್ಲಿ ದೇವಾನಂದ ಬಂದ. ಮೋತಿ ಮಿರಮಿರನೆ ಮಿಂಚುತ್ತಿತ್ತು, ಕೊಂಚ ಬಂಗಡೆ ನಾರುತ್ತಿತ್ತು. ಕುದುರೆ ಕೆನೆಯುತ್ತ ಅವನ ಹೆಗಲಿಗೆ ಮೂತಿ ಒರಗಿಸಿದಾಗ ಅವನ ಕಣ್ಣು ತುಂಬಿತು. ಕೈಮುಗಿಯಲು ಹೊರಟವನನ್ನು ಸುಗಂಧಾಬಾಯಿ ತಡೆದಳು. ಹಿಂದೆ ನಿಂತ ರೂಪಾಲಿ ಬೇಡವೆಂದು ಕಣ್ಸನ್ನೆ ಮಾಡಿದ್ದನ್ನು ಕಂಡೂ ಕಾಣದಂತೆ ಹೇಳಿದಳು:

‘ಹೇಳ್ತೆ ಕೇಳು. ನಿನ್ನ ಕುದುರೆ ನನ್ನ ಕೈಯಲ್ಲೇ ಸಾಯೂದಿತ್ತು. ಮೀನಿನ ಹಾಂಗೆ ಗೋಣಿ ಹೊದಿಸಿದ್ದೆ. ಸತ್ತದ್ದನ್ನ ಮುಚ್ಚಿ ಕಾಯ್ಬೇಕು, ಜೀವ ಇದ್ದದ್ದನ್ನ ಬಿಚ್ಚಿ ಕಾಯ್ಬೇಕು. ಅರವತ್ತು ವರ್ಷ ಆದ್ಮೇಲೆ ನಂಗೆ ಗೊತ್ತಾಯ್ತು. ಈಗ ಬೈಯೂದಿದ್ರೆ ಬೈ.’

ದೇವಾನಂದ ಮೋತಿಯ ಕುತ್ತಿಗೆಯನ್ನೊಮ್ಮೆ ಸವರಿದ. ಆಮೇಲೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ, ‘ಬಾಯಿ, ಬರೂ ಬೇಸಿಗೆಗೂ ಇಲ್ಲೇ ತಂದು ಕಟ್ತೆ. ಚಪ್ಪರ ತೆಗಿಬೇಡ’ ಎಂದ.

ತಮ್ಮ ಕಸುಬು ಕಲಿಸಿದ್ದನ್ನೇ ಕಂಡದ್ದಕ್ಕೆಲ್ಲ ಹೊದಿಸಿ ನಿಶ್ಚಿಂತರಾಗುವವರು ನಾವೆಲ್ಲರೂ. ಹೊದಿಸಿದ ಮೇಲೆ ಒಳಗೆ ಕೈ ಹಾಕಿ ನೋಡುವವರು ವಿರಳ. ಹಾಗೆ ನೋಡಿ, ಬಿಸಿ ತಾಗಿದ ಕೂಡಲೇ ನಲವತ್ತು ವರ್ಷಗಳ ಹೆಮ್ಮೆಯನ್ನು ಎಲ್ಲರೆದುರು ಕೊಯ್ದು ನೆಲಕ್ಕೆ ಚೆಲ್ಲುವವರು ಇನ್ನೂ ವಿರಳ. ಅಂಥವರು ತಪ್ಪೇ ಮಾಡದವರೇನಲ್ಲ. ಆದರೆ ಉಸಿರಾಡುವ ಜೀವವೊಂದನ್ನು ಒಪ್ಪಿಸಿ ಊರು ಬಿಡಬೇಕಾಗಿ ಬಂದರೆ, ಹಗ್ಗ ಹಿಡಿದು ಹುಡುಕಿಕೊಂಡು ಹೋಗಬೇಕಾದದ್ದು ಅಂಥವರ ಅಂಗಳಕ್ಕೇ.