ಕ್ವಾನ್ ಭಾವನ ಅಂಗಡಿ ಉಳಿದದ್ದು

ನನ್ನ ಅಕ್ಕ ಹೆಲ್ಮಾಳ ಗಂಡ ಕ್ವಾನ್ ಹಿಂಗ್ ನಮ್ಮ ದ್ವೀಪದೇಶದ ರಾಜಧಾನಿ ಹೊನಿಯಾರಾಕ್ಕೆ ಬಂದಾಗ ಇನ್ನೂ ಮೀಸೆ ಮೂಡಿರಲಿಲ್ಲ. ದಕ್ಷಿಣ ಚೀನಾದ ಹಳ್ಳಿಯಿಂದ ಅವನನ್ನು ಕರೆಸಿಕೊಂಡವನು ಅದೇ ಊರಿನ ಲೌ. ಲೌ ಅವನಿಗೆ ತನ್ನ ಅಂಗಡಿಯ ಹಿಂದೆ ಮಲಗಲು ಜಾಗ ಕೊಟ್ಟ, ನಮ್ಮ ಮಾತು ಕಲಿಸಿದ, ಕೊನೆಗೆ ಪಕ್ಕದಲ್ಲೇ ಅಂಗಡಿ ಹಾಕಿಸಿಕೊಟ್ಟ.

ಭಾವ ನಮ್ಮ ಕುಲದ ಸಾವಿನ ಊಟಗಳಿಗೆ ಹಂದಿ ತಂದ, ಜಗಳಗಳನ್ನು ಕೂತು ಬಗೆಹರಿಸಿದ. ನಾವೇ ಅವನನ್ನು ಪಾರ್ಲಿಮೆಂಟಿಗೆ ನಿಲ್ಲಿಸಿದೆವು. "ನಮ್ಮೋರು ತಿಂದಿದ್ದು ನೋಡಾಯ್ತು. ಇವ್ನಾದ್ರೆ ಮೊದ್ಲೇ ಹೊಟ್ಟೆ ತುಂಬಿದೋನು" ಎಂದು ಮುದುಕಿಯರು ನಕ್ಕು ಮತ ಹಾಕಿದರು.

ಅವನ ಎರಡನೆಯ ಅವಧಿಯಲ್ಲಿ ಯಾರಿಗೂ ಬೇಡದವನೊಬ್ಬ ಪ್ರಧಾನಿಯಾದ. ಚೀನೀ ವ್ಯಾಪಾರಿಗಳು ಸದಸ್ಯರನ್ನು ಕೊಂಡರೆಂದು ಸುದ್ದಿ ಹಬ್ಬಿತು. ಪಾರ್ಲಿಮೆಂಟಿನಲ್ಲಿ ಭಾವ ಆ ಮನುಷ್ಯನ ವಿರುದ್ಧವೇ ಮತ ಹಾಕಿದ್ದ. ಆದರೆ ಅದು ಗುಟ್ಟಿನ ಮತ, ಯಾರಿಗೆ ತೋರಿಸುವುದು?

ಅದೇ ದಿನ ಮಧ್ಯಾಹ್ನ ಚೀನೀಯರ ಅಂಗಡಿಗಳಿಗೆ ಬೆಂಕಿ ಹಚ್ಚುತ್ತ ಗುಂಪು ಬಂತು. ಮುಂದಿದ್ದವನು ನಮ್ಮ ಅಣ್ಣನ ಮಗ ಟೋಮಾ. ಭಾವ ಲೌನ ಬಾಗಿಲಿಗೆ ಅಡ್ಡ ನಿಂತಿದ್ದ.

"ಪಕ್ಕಕ್ಕೆ ಬನ್ನಿ ಮಾವ. ನಿಮ್ಮಂಗಡಿ ಮುಟ್ಟಲ್ಲ."

"ಇವರದ್ದು?"

"ಅವ್ನು ಚೀನಾದವ್ನು."

"ನಾನೆಲ್ಲಿಯವ್ನೋ?"

"ಸುಮ್ನಿರಿ ಮಾವ, ತಮಾಷೆ ಬೇಡ. ನೀವು ನಮ್ಮೋರು."

ಪೊಲೀಸರಿಗೆ ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ಇಬ್ಬರು ಹುಡುಗರು ಭಾವನನ್ನು ನೋವಾಗದಂತೆ ಎತ್ತಿ, ಮಾವಿನ ಮರದ ನೆರಳಲ್ಲಿ ಕೂರಿಸಿ, ಕೈಗೆ ಎಳನೀರು ಕೊಟ್ಟರು. ಏಳಲು ನೋಡಿದಾಗಲೆಲ್ಲ ಹೆಗಲ ಮೇಲೆ ಕೈಯಿಟ್ಟು ಅದುಮಿದರು. ಲೌ ಹೆಂಡತಿಯೊಂದಿಗೆ ಹಿಂಬಾಗಿಲಿಂದ ಓಡಿದ. ಅವನ ಅಂಗಡಿ ಹೊತ್ತಿಕೊಂಡಿತು. ಗಾಳಿ ತಿರುಗಿ ಕಿಡಿ ಈಚೆ ಹಾರತೊಡಗಿದಾಗ, ಬೆಂಕಿ ಹಚ್ಚಿದವರೇ ಬಕೆಟ್ ಹಿಡಿದು ಭಾವನ ಗೋಡೆಗೆ ನೀರು ಎರಚಿದರು.

ಮರುದಿನ ನಾನೂ ಭಾವನೂ ಅಂಗಡಿ ಕಳೆದುಕೊಂಡವರು ಆಶ್ರಯ ಪಡೆದಿದ್ದ ಪೊಲೀಸ್ ಠಾಣೆಯ ಅಂಗಳಕ್ಕೆ ಹೋದೆವು. ಲೌ ಚಾಪೆಯ ಮೇಲೆ ಕೂತಿದ್ದ.

"ಚಿಕ್ಕಪ್ಪ, ನನ್ನಂಗಡಿ ನೀವಿಟ್ಕೊಳ್ಳಿ" ಎಂದ ಭಾವ.

"ನಾನು ಕೂತ್ರೆ ಅದೂ ಚೀನಾದವನ ಅಂಗಡಿ ಆಗುತ್ತಲ್ಲಪ್ಪಾ" ಎಂದ ಲೌ. ಮಾತಿನಲ್ಲಿ ಸಿಟ್ಟಿರಲಿಲ್ಲ. ಆ ವಾರವೇ ಚೀನಾಕ್ಕೆ ವಿಮಾನ ಹತ್ತಿದ.

ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದು ಭಾವ ಹೇಳಿದ. ಟೋಮಾ ಮನೆಗೆ ಬಂದ. "ಯಾಕೆ ಮಾವ, ನಾವೇನು ತಪ್ಪು ಮಾಡಿದ್ವಿ?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಭಾವ ಅವನಿಗೆ ಚಾಪೆ ಹಾಸಿದ. ಆಮೇಲೆ, "ಊಟ ಮಾಡ್ಕೊಂಡು ಹೋಗು" ಎಂದ. ಅಕ್ಕ ಗೆಣಸು, ಮೀನು ಬಡಿಸಿದಳು.

ಅವನು ಬೇಡವೆಂದದ್ದನ್ನು ನಮ್ಮಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾವೇ ಅವನ ಹೆಸರು ಕೊಟ್ಟು, ಹಿಂದಿಗಿಂತ ಹೆಚ್ಚು ಮತಗಳಿಂದ ಗೆಲ್ಲಿಸಿ, ಟೋಮಾನ ಹೆಗಲ ಮೇಲೆ ಕೂರಿಸಿ ಬೀದಿ ತುಂಬ ಮೆರೆಸಿದೆವು. ಭಾವ ಬೀಳದಿರಲೆಂದು ಟೋಮಾನ ಕೂದಲು ಹಿಡಿದುಕೊಂಡಿದ್ದ.