ತಣ್ಣೀರಕ್ಕ

"ಇದನ್ನ ಈಗಲೇ ಒಗೆದುಬಿಡಮ್ಮ," ಎಂದು ಮಗ ಅಂಗಿಯನ್ನು ಬಕೆಟ್ಟಿಗೆ ಎಸೆದು ಹಿತ್ತಲ ಬಾಗಿಲಿಗೆ ಒರಗಿ ನಿಂತ. "ಹನ್ನೊಂದು ಗಂಟೆಗೆ ಪೊಲೀಸಿನವರು ಬರ್ತಾರಂತೆ. ನಿನ್ನೆ ಹಾಕಿದ್ದ ಅಂಗಿ ಎಲ್ಲಿ ಅಂತ ಕೇಳೇ ಕೇಳ್ತಾರೆ. ಸುಟ್ಟು ಹಾಕೋಣ ಅಂದ್ರೆ ಆಂಬುಲೆನ್ಸಿನವರೆಲ್ಲ ನೋಡಿದ್ದಾರೆ. ರಕ್ತ ತೆಗೆಯೋದನ್ನ ನಿನಗೆ ಹೇಳಿಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವುದೇ ಅವಳ ಕೆಲಸ. ಆಪರೇಷನ್ ಕೋಣೆಯ ಹಸಿರು ಬಟ್ಟೆ, ಹೆರಿಗೆ ವಾರ್ಡಿನ ಚಾದರ, ಎಲ್ಲ ಮೊದಲು ಅವಳ ತೊಟ್ಟಿಗೇ ಬರಬೇಕು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ತಣ್ಣೀರಕ್ಕ. ಹೊಸದಾಗಿ ಸೇರಿದ ಹುಡುಗಿ ಯಾರಾದರೂ ರಕ್ತದ ಚಾದರಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿದಳೋ, ಮುಗಿಯಿತು ಅವಳ ಕಥೆ. "ಅಯ್ಯೋ ನಿನ್ನ! ರಕ್ತಕ್ಕೆ ತಣ್ಣೀರು ಕಣೇ, ತಣ್ಣೀರು! ಮೊಟ್ಟೆ ಬಿಸಿನೀರಿಗೆ ಹಾಕಿದ್ರೆ ಏನಾಗತ್ತೆ? ಗಟ್ಟಿಯಾಗತ್ತಲ್ಲ? ರಕ್ತಾನೂ ಹಾಗೇ ಬೆಂದು ನೂಲಿಗೆ ಕಚ್ಚಿಕೊಳ್ಳತ್ತೆ. ಆಮೇಲೆ ಬ್ರಹ್ಮ ಬಂದ್ರೂ ಬಿಡಲ್ಲ."

ಸೋಪಿನ ಪುಡಿ ಕಂಪನಿಯ ಮನುಷ್ಯನೊಬ್ಬ ಒಮ್ಮೆ ಬಂದು ಕಪ್ಪು ಹಲಗೆಯ ಮೇಲೆ ಗೊದಮೊಟ್ಟೆಯಂಥ ಚಿತ್ರಗಳನ್ನು ಬರೆದು ಪಾಠ ಮಾಡಿದ್ದ. ಸೋಪಿನ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಬಾಲಗಳೆಲ್ಲ ಜಿಡ್ಡಿಗೆ ಚುಚ್ಚಿಕೊಂಡು, ಅದನ್ನು ಸುತ್ತ ಮುತ್ತಿಕೊಂಡು, ಬಟ್ಟೆಯಿಂದ ಬಿಡಿಸಿ ನೀರಿಗೆ ಸಾಗಿಸುತ್ತವೆ. ರಕ್ತದ ಕಲೆಗೆ ಬೇರೆಯದೇ ಮದ್ದು: ಪುಡಿಯಲ್ಲಿರುವ ಕಿಣ್ವ ಅದನ್ನು ಚೂರು ಚೂರು ಮಾಡುತ್ತದೆ, ಆದರೆ ಕುದಿನೀರಿಗೆ ಬಿದ್ದರೆ ಕಿಣ್ವವೂ ಕೆಡುತ್ತದೆ. "ಹಾಗಾದ್ರೆ ನೊರೆ?" ಎಂದು ಯಾರೋ ಕೇಳಿದ್ದಕ್ಕೆ, "ನೊರೆ ಬರೀ ಶೋಕಿಗೆ," ಎಂದಿದ್ದ. ತಣ್ಣೀರಕ್ಕ ಸುಮ್ಮನಿರುವ ಪೈಕಿಯೇ? "ಇಷ್ಟು ವರ್ಷ ನಾನು ಒಗೀತಿದ್ದೀನಿ ಅಂದ್ಕೊಂಡಿದ್ದೆ. ಒಗೆಯೋದು ಗೊದಮೊಟ್ಟೆಗಳಂತೆ! ಸಂಬಳಾನೂ ಅವಕ್ಕೇ ಕೊಟ್ಟುಬಿಡಿ," ಎಂದಳು.

ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ಚಾದರ ಮಡಚುವ ಹೊಸ ಹುಡುಗಿ. ಹಿಂದು ಮುಂದು ಯಾರೂ ಇಲ್ಲದವಳು. ಆ ನಗುವಿಗೆ ಮರುಳಾಗಿ ತಣ್ಣೀರಕ್ಕನೇ ಮುಂದೆ ನಿಂತು ಅವಳನ್ನು ಮಗನಿಗೆ ತಂದುಕೊಂಡಳು. ಮಗನ ಕೈ ಮುಂದು ಎನ್ನುವುದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಅವನು ಇನ್ನೊಬ್ಬನ ಹಲ್ಲು ಮುರಿದಾಗ, ಆ ಹುಡುಗನೇ ಬಿದ್ದ ಎಂದು ಮೇಷ್ಟರ ಮುಂದೆ ವಾದಿಸಿದವಳು ಇವಳು. ಗ್ಯಾರೇಜಿನಲ್ಲಿ ಜೊತೆಗಾರನಿಗೆ ಸ್ಪ್ಯಾನರಿನಿಂದ ಬಾರಿಸಿದಾಗ ಮಾಲೀಕನ ಕಾಲು ಹಿಡಿದವಳೂ ಇವಳೇ. ಹೆತ್ತವರಿಗೆ ಹೆಗ್ಗಣ ಮುದ್ದು. ಮದುವೆಯಾದರೆ ಸರಿಹೋಗುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಸೊಸೆ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ದಿಂಬಿನ ಚೀಲ ನೆನೆಹಾಕುತ್ತಿದ್ದಳು. ನೀರು ಕೆಂಪಗಿತ್ತು. "ಮೂಗಿನಿಂದ ಬಂತು ಅತ್ತೆ. ನೀವು ಹೇಳಿಕೊಟ್ಟ ಹಾಗೇ ತಣ್ಣೀರಿಗೇ ಹಾಕಿದ್ದೀನಿ," ಎಂದಳು, ಮುಖ ಎತ್ತದೆ. ತುಟಿ ಊದಿಕೊಂಡಿತ್ತು. ತಣ್ಣೀರಕ್ಕ ಒಂದು ಗಳಿಗೆ ನಿಂತು ನೋಡಿದಳು. ನೋಡಿ ಏನೆಂದಳು? "ಒಂದು ಹಿಡಿ ಉಪ್ಪು ಹಾಕು, ಬೇಗ ಬಿಡತ್ತೆ," ಎಂದಳು. ಅಷ್ಟೇ. ಆಮೇಲೆ ಆ ಮಾತು ನೆನಪಾದಾಗಲೆಲ್ಲ ತನ್ನ ನಾಲಗೆಯನ್ನು ಕಿತ್ತು ಬಿಸಾಡಬೇಕು ಎನ್ನಿಸುತ್ತಿತ್ತು.

ಈಗ ಆ ಹುಡುಗಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ತಲೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಳು. ನಿನ್ನೆ ಸಂಜೆಯಿಂದ ಕಣ್ಣು ಬಿಟ್ಟಿರಲಿಲ್ಲ. ಬಿಡುತ್ತಾಳೋ ಇಲ್ಲವೋ ಎಂದು ಡಾಕ್ಟರೂ ಹೇಳಲಿಲ್ಲ. ಅವಳ ಕೆಳಗಿನ ಚಾದರ ಸಂಜೆ ಪಾಳಿಯಲ್ಲಿ ತಣ್ಣೀರಕ್ಕನ ತೊಟ್ಟಿಗೇ ಬಂದಿತ್ತು. ಯಾರದೆಂದು ತಿಳಿಯದೆ, ಎಷ್ಟೊಂದು ರಕ್ತವಪ್ಪಾ ಎಂದುಕೊಳ್ಳುತ್ತ ಒಗೆದು ಹಾಕಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದಳು ಎನ್ನುವುದು ಮಗನ ಮಾತು.

ಅವಳು ಅಂಗಿಯನ್ನು ಬಕೆಟ್ಟಿನಿಂದ ಎತ್ತಿ ಬೆಳಕಿಗೆ ಹಿಡಿದಳು.

"ಇದೆಲ್ಲ ಅವಳನ್ನ ಎತ್ತಿಕೊಂಡಾಗ ಆಗಿದ್ದಾ?"

"ಹೂಂ ಮತ್ತೆ. ಎದೆಗೆ ಅವಚಿಕೊಂಡು ರಸ್ತೆವರೆಗೆ ಓಡಿದೆ."

ಗಾಯಾಳುಗಳನ್ನು ಎತ್ತಿಕೊಂಡು ಬಂದವರ ಬಟ್ಟೆಗಳನ್ನು ಅವಳು ಕಂಡಿಲ್ಲವೇ? ಎದೆ, ಹೆಗಲು ತೊಯ್ದಿರುತ್ತವೆ, ಅಂಗೈಯಗಲದ ಕಲೆಗಳಿರುತ್ತವೆ. ಈ ಅಂಗಿಯ ಎದೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಇದ್ದದ್ದೆಲ್ಲ ಬಲತೋಳಿನಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಸಾಸಿವೆ ಕಾಳಿನಷ್ಟು ಸಣ್ಣ ಸಿಡಿತಗಳು. ಒಂದೇ ಸಲಕ್ಕೆ ಸಿಡಿದವೂ ಅಲ್ಲ, ಹನಿಯ ಮೇಲೆ ಹನಿ. ಅಂಗಿಯನ್ನು ಹಾಗೇ ಮಡಚಿ ಪೊಲೀಸರ ಕೈಗಿಡಲು ಅವಳಲ್ಲಿ ಗುಂಡಿಗೆಯಿರಲಿಲ್ಲ, ಮಗ ಬಾಗಿಲು ಬಿಟ್ಟು ಕದಲುವಂತೆಯೂ ಇರಲಿಲ್ಲ.

ಅವಳು ದೊಡ್ಡ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟಳು.

"ಬಿಸಿನೀರು ಯಾಕೆ?" ಎಂದ ಮಗ.

"ರಾತ್ರಿಯೆಲ್ಲ ಇಟ್ಟು ಒಣಗಿಸಿದ್ದೀಯಲ್ಲೋ. ಒಣಗಿದ ಕಲೆಗೆ ಕುದಿನೀರೇ ಆಗಬೇಕು."

ಅವನು ಹುಟ್ಟಿದಾರಭ್ಯ ಒಂದು ಕರವಸ್ತ್ರ ಒಗೆದವನಲ್ಲ. ಒಗೆಯಲು ಬಿಟ್ಟವಳೂ ಅಲ್ಲ ಇವಳು. ನಂಬಿದ. ನೀರು ಕೊತಕೊತ ಕುದಿಯತೊಡಗಿದ ಮೇಲೆ ಅವಳು ಅಂಗಿಯನ್ನು ಅದರಲ್ಲಿ ಮುಳುಗಿಸಿದಳು. ಎರಡು ಹಿಡಿ ಪುಡಿಯನ್ನೂ ಸುರಿದು ಕೋಲಿನಿಂದ ತಿರುವಿದಳು. ನೊರೆ ಬುಸುಬುಸು ಎದ್ದು ಪಾತ್ರೆಯ ಕಂಠ ಮೀರಿ ಒಲೆಯ ಮೇಲೆಲ್ಲ ಇಳಿಯಿತು. ನೊರೆ ಕಂಡು ಮಗನ ಮುಖ ಸಡಿಲವಾಯಿತು.

"ನೀನಿರೋವಾಗ ನನಗೇನಮ್ಮ ಭಯ," ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಆ ಮಾತಿಗೆ ಅವಳಿಗೆ ಅಳು ಒತ್ತಿ ಬಂತು. ಕೋಲು ಹಿಡಿದ ಕೈ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಒಲೆ ಆರಿಸಿ, ಅಂಗಿಯನ್ನು ಹೊರಗೆಳೆದು, ತಣ್ಣೀರಲ್ಲಿ ಮೂರು ಸಲ ಜಾಲಿಸಿದಳು. ಕೆಂಪು ಹೋಗಿ ಕಂದು ನಿಂತಿತ್ತು. ಹೆಬ್ಬೆರಳಿಟ್ಟು ತಿಕ್ಕಿದಳು. ಉಗುರಿನಿಂದ ಕೆರೆದಳು. ಒಂದು ಚುಕ್ಕೆಯೂ ಅಲ್ಲಾಡಲಿಲ್ಲ. ಹೊಸ ಹುಡುಗಿಯರು ಮಾಡಿದ್ದರೆ ಬೈದು ನೀರಿಳಿಸುತ್ತಿದ್ದಳು.

ಹಿತ್ತಲಲ್ಲಿ ಹಗ್ಗವಿತ್ತು. ಆದರೂ ಅವಳು ಅಂಗಿಯನ್ನು ಮುಂಬಾಗಿಲ ಎದುರಿನ ತಂತಿಗೆ ಒಯ್ದಳು. ಅಲ್ಲಿ ಒಣಹಾಕಿದರೆ ಒಳಗೆ ಬರುವವರು ಕೈಯಿಂದ ಸರಿಸಿಕೊಂಡೇ ಬರಬೇಕು.

"ಅಮ್ಮಾ, ಹೋಯ್ತಾ?" ಬಚ್ಚಲಿನಿಂದ ಮಗ ಕೂಗಿದ.

ಗೇಟಿನ ಚಿಲಕದ ಸದ್ದಾಯಿತು. ತಣ್ಣೀರಕ್ಕ ಬಲತೋಳಿನ ಮಡಿಕೆ ಬಿಡಿಸಿ, ಬೀದಿಯ ಕಡೆಗೆ ತಿರುಗಿಸಿ, ಎರಡು ಕ್ಲಿಪ್ಪು ಹಾಕಿದಳು. ತೋಳಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ತಿಳಿಯಾಗಿ.