ನಾಲ್ಕನೆಯ ಕಾಜ

“ಕಾಜ ಹೊಲಿಯೋನಿಗೆ ಯುದ್ಧದ ವಿಷಯ ಏನ್ ಗೊತ್ತಿರುತ್ತಪ್ಪಾ? ಎರಡನೇ ಫಾರಂಗೇ ಸ್ಕೂಲಿಗೆ ಕೈ ಮುಗಿದೋನು ಇವನು!”

ರಾಮಾಂಜಿನಪ್ಪ ಇದನ್ನು ಮೆಲ್ಲಗೇನೂ ಹೇಳಲಿಲ್ಲ. ತನ್ನ ಮದುವೆಯ ಮಾತಿಗೆ ಬಂದು ನಡುಮನೆಯ ಜಮಖಾನದ ಮೇಲೆ ಕೂತಿದ್ದ ಹೆಣ್ಣಿನ ಕಡೆಯವರಿಗೆಲ್ಲ ಕೇಳಲಿ ಎಂದೇ ಹೇಳಿದ. ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ಹೊಸಿಲಾಚೆ ಚಪ್ಪಲಿ ಬಿಡುತ್ತಿದ್ದ ಮುನಿಸ್ವಾಮಿ ಒಂಟಿಕಾಲಿನಲ್ಲೇ ನಿಂತುಬಿಟ್ಟ.

ಅವನೇನು ತಾನಾಗಿ ಬಂದಿರಲಿಲ್ಲ. ದೊಡ್ಡಪ್ಪ ದೊಡ್ಡಬೈರಪ್ಪನೇ ಹೇಳಿಕಳಿಸಿದ್ದ. ಚಾಮರಾಜಪೇಟೆ ನಾಲ್ಕನೇ ಮೇನ್ ರೋಡಿನ ಟೈಲರ್ ಅಂಗಡಿಯಿಂದ, ಕತ್ತಿನಲ್ಲಿದ್ದ ಟೇಪನ್ನೂ ತೆಗೆಯದೆ ಓಡಿ ಬಂದಿದ್ದ.

“ನೀನು ಸುಮ್ನಿರೋ,” ಎಂದು ದೊಡ್ಡಪ್ಪ ಮಗನನ್ನು ಗದರಿಸಿದ. ಗದರಿಕೆಯಲ್ಲಿ ನಗುವೂ ಇತ್ತು. “ಬಾರಪ್ಪ ಮುನಿ. ಆ ಕೋಟು ನೋಡಿ ಎಷ್ಟು ಹಳೇದು ಅಂತ ಇವರಿಗೆ ಹೇಳಿಬಿಡು. ಬಟ್ಟೆ ವಿಷಯ ನಿನಗೆ ಗೊತ್ತಾಗುತ್ತೆ.”

ಕುರ್ಚಿಯ ಬೆನ್ನಿಗೆ ತಾತನ ಖಾಕಿ ಕೋಟನ್ನು ತೊಡಿಸಿದ್ದರು. ಎದೆಯ ಮೇಲೆ ಗಂಡಭೇರುಂಡದ ನಾಲ್ಕು ಹಿತ್ತಾಳೆ ಗುಂಡಿ. ತಾತ ಮಹಾರಾಜರ ಕುದುರೆ ಪಡೆಯ ಜೊತೆ ಮೊದಲನೇ ಮಹಾಯುದ್ಧಕ್ಕೆ ಹೋಗಿ, ಈಜಿಪ್ಟಿನ ಮರಳು ಕಂಡು ಬಂದವನು. ಈ ಮನೆಗೆ ಯಾರೇ ಬರಲಿ, ಕಾಫಿಗೆ ಮೊದಲು ಆ ಕೋಟಿನ ದರ್ಶನ ಆಗಲೇಬೇಕು. ಇವತ್ತು ಹೆಣ್ಣಿನ ತಂದೆಗೂ ಆಯಿತು. ಆದರೆ ಹೆಣ್ಣಿನ ತಂದೆ ಮರಿಯಣ್ಣ ನಿವೃತ್ತ ಹವಾಲ್ದಾರ. ಬರ್ಮಾ ಯುದ್ಧ ನೋಡಿದ್ದ ಮನುಷ್ಯ.

“ಗುಂಡಿ ಏನೋ ಸರಿ ಬೈರಪ್ಪನೋರೆ,” ಎಂದಿದ್ದ ಆತ, ಕಾಲರನ್ನು ಬೆರಳಲ್ಲಿ ಮಡಚಿ ನೋಡುತ್ತ. “ಆ ಕಾಲದ ಕೋಟಿಗೆ ಕತ್ತು ಮುಚ್ಚೋ ಕಾಲರ್ ಇತ್ತು ಅಂತ ನಮ್ಮ ಸುಬೇದಾರರು ಹೇಳೋರು. ಇದು ತೆರೆದ ಕಾಲರ್. ನಾನು ನಲವತ್ಮೂರರಲ್ಲಿ ಬರ್ಮಾಗೆ ಹೋಗೋವಾಗ ಕೊಟ್ಟಿದ್ದು ಹೀಗೇ ಇತ್ತಪ್ಪ. ನನಗೆ ಕೋಟು ಮುಖ್ಯ ಅಲ್ಲ. ಹೆಣ್ಣು ಕೊಡೋ ಮನೆ ಮಾತು ನಿಜವಾಗಿರಬೇಕು, ಅಷ್ಟೆ.”

ಆ ‘ಅಷ್ಟೆ’ಗೆ ದೊಡ್ಡಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟುಬಿಟ್ಟಿದ್ದ. ಅದಕ್ಕೇ ಕರೆ ಬಂದಿತ್ತು ಮುನಿಸ್ವಾಮಿಗೆ.

ಮುನಿಸ್ವಾಮಿ ಕೋಟನ್ನು ಕೈಗೆತ್ತಿಕೊಂಡ. ತಾತ ಸತ್ತು ಎರಡು ವರ್ಷವಾಗಿತ್ತು. ಅಲ್ಲಿಂದೀಚೆಗೆ ಇದನ್ನು ಮುಟ್ಟಲು ಅವನನ್ನು ಯಾರೂ ಬಿಟ್ಟಿರಲಿಲ್ಲ. ತಾತನ ಕಾಲು ಒತ್ತಿದವನು ಮುನಿಸ್ವಾಮಿ. ಕೆಮ್ಮಿದಾಗ ತಟ್ಟೆ ಹಿಡಿದವನು ಮುನಿಸ್ವಾಮಿ. ಕುದುರೆಗಳ ಹೆಸರನ್ನೆಲ್ಲ ನೂರು ಸಲ ಕೇಳಿಸಿಕೊಂಡವನೂ ಅವನೇ. ಸಾಯುವ ಮುಂಚೆ ಮುದುಕ ಮಾತ್ರ, “ಕೋಟು ರಾಮಾಂಜಿನಿಗಿರಲಿ. ಅವನು ಓದಿದೋನು, ನಾಲ್ಕು ಜನಕ್ಕೆ ಹೇಳ್ತಾನೆ,” ಎಂದುಬಿಟ್ಟ. ಅವತ್ತಿನಿಂದ ಪ್ರತಿ ದಸರೆಗೆ ಬಿ.ಎ. ಪಾಸಾದ ಗುಮಾಸ್ತ ರಾಮಾಂಜಿನಪ್ಪ ಅದನ್ನು ತೊಟ್ಟು ಟೈಲರ್ ಅಂಗಡಿಯ ಮುಂದೆಯೇ ಹಾದುಹೋಗುವನು. ಮುನಿಸ್ವಾಮಿ ಮೆಷೀನಿನ ಚಕ್ರಕ್ಕೆ ಕೈ ಕೊಟ್ಟು ನೋಡುತ್ತಿದ್ದ. ಭುಜದ ಹೊಲಿಗೆ ಆ ಗುಬ್ಬಿ ಹೆಗಲಿನಿಂದ ಒಂದಿಂಚು ಕೆಳಗೆ ಜಾರಿರುತ್ತಿತ್ತು. ನನ್ನ ಮೈಗಾದರೆ ಅಚ್ಚು ಹೊಯ್ದ ಹಾಗೆ ಕೂರುತ್ತಿತ್ತಲ್ಲ ಎಂದು ಹಲ್ಲು ಕಡಿಯುತ್ತಿದ್ದ. ಒಂದು ಸಲ ಸಿಟ್ಟಿಗೆ ಯಾರದೋ ಪ್ಯಾಂಟಿನ ಕಾಲನ್ನು ತಿರುಗಮುರುಗ ಹೊಲಿದು, ಯಜಮಾನನಿಂದ ಬೈಸಿಕೊಂಡಿದ್ದ.

ಇವತ್ತು ಸಿಕ್ಕಿಬಿದ್ದೆಯಲ್ಲ ಮಗನೇ, ಎಂದುಕೊಂಡ. ಒಂದೇ ಒಂದು ಮಾತು. ಬಾಯಿ ತೆರೆದರೆ ಕೋಟೂ ಹೋಯಿತು, ಹೆಣ್ಣೂ ಹೋಯಿತು.

ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಟ್ಟೆಯನ್ನು ಹೆಬ್ಬೆರಳಲ್ಲಿ ಉಜ್ಜಿದ. ಮೂವತ್ತೈದು ವರ್ಷದ ಖಾಕಿ ಮಡಿಕೆಯಲ್ಲಿ ಬಿಳುಚಿಕೊಂಡು ಸೀಳಿರಬೇಕಿತ್ತು. ಇದು ಇನ್ನೂ ಗಟ್ಟಿಮುಟ್ಟಾಗಿತ್ತು. ಹವಾಲ್ದಾರ ಹೇಳಿದ್ದು ಸರಿ, ಹತ್ತು ವರ್ಷಕ್ಕಿಂತ ಹಳೆಯದಲ್ಲ. ಗುಂಡಿ ಮಾತ್ರ ಹಳೆಯವು, ಅಸಲಿ. ಅವನ ಎದೆ ಹಿಗ್ಗಿತು. ಕೊನೆಗೆ ಕಾಜಗಳನ್ನು ನೋಡಿದ.

ಚಿಕ್ಕ ಗುಂಡಿಗೆಂದು ಕತ್ತರಿಸಿದ ಕಾಜಗಳು. ಆಮೇಲೆ ಯಾರೋ ಹಿತ್ತಾಳೆ ಗುಂಡಿ ತೂರಲೆಂದು ಬೇರೆ ನೂಲಿನಲ್ಲಿ ಅಷ್ಟಷ್ಟು ಉದ್ದ ಮಾಡಿದ್ದರು. ಮೊದಲ ಮೂರು ಕಾಜ ನೆಟ್ಟಗಿದ್ದವು. ನಾಲ್ಕನೆಯದು ಸೊಟ್ಟ. ಅದರ ಮೊದಲಿನ ನೂಲಿನ ಗಂಟು ಒಳಮೈಗೆ ಬರುವ ಬದಲು ಹೊರಮೈಗೆ ಬಂದಿತ್ತು. ಒಂದಲ್ಲ, ಒಂದರ ಮೇಲೊಂದು ಮೂರು ಗಂಟು.

ಮುನಿಸ್ವಾಮಿ ಆ ಗಂಟುಗಳ ಮೇಲೆ ಬೆರಳಾಡಿಸಿದ. “ಗಂಟು ಒಳಗೆ ಹಾಕೋ ಬಡವಾ, ಎಷ್ಟು ಸಲ ಹೇಳ್ಲಿ?” ಎಂದು ಅಪ್ಪ ತಲೆಗೆ ಮೊಟಕುತ್ತಿದ್ದುದು ಇದೇ ಗಂಟಿಗೆ.

ನಲವತ್ಮೂರನೇ ಇಸವಿ. ಕಂಟ್ರಾಕ್ಟರನ ಮೇಸ್ತ್ರಿ ಕತ್ತರಿಸಿದ ಖಾಕಿ ತಂದು ಮನೆಮನೆಗೆ ಹಂಚುತ್ತಿದ್ದ. ಮಿಲಿಟರಿ ಕೋಟು, ರಾಶಿ ರಾಶಿ. ಅಪ್ಪನೊಬ್ಬನ ಕೈ ಸಾಲಲಿಲ್ಲ. “ಎರಡೇ ತಿಂಗಳು ಕಣೋ, ಆಮೇಲೆ ಸ್ಕೂಲಿಗೆ ಹೋಗುವಂತೆ,” ಎಂದು ಹನ್ನೊಂದು ವರ್ಷದ ಮಗನನ್ನು ಕಾಜಕ್ಕೆ ಕೂರಿಸಿದ. ಆ ಎರಡು ತಿಂಗಳು ಇನ್ನೂ ಮುಗಿದಿರಲಿಲ್ಲ.

ಒಂದು ದಿನ ಲೆಕ್ಕಕ್ಕೆ ಒಂದು ಕೋಟು ಕಮ್ಮಿ ಬಂತು. ಮೇಸ್ತ್ರಿ ಬೀದಿಯಲ್ಲಿ ನಿಂತು ಕಳ್ಳ ಎಂದು ಕೂಗಾಡಿದ. ಅಪ್ಪ ಮುನಿಸ್ವಾಮಿಯ ಕೈ ಹಿಡಿದು ಆಂಜನೇಯನ ಗುಡಿಗೆ ನಡೆದ; ಹಿಂದೆಯೇ ಅರ್ಧ ಬೀದಿ. ಕರ್ಪೂರ ಹಚ್ಚಿ, ಮಗನ ತಲೆ ಮೇಲೆ ಒಂದು ಕೈ ಇಟ್ಟು, “ನಾನು ತೆಗೆದಿಲ್ಲ,” ಎಂದು ಇನ್ನೊಂದು ಅಂಗೈಯಲ್ಲಿ ಉರಿ ಆರಿಸಿದ. ಕರ್ಪೂರ ಆರಿಸಿ ಆಣೆ ಮಾಡಿದ ಮೇಲೆ ಮುಗಿಯಿತು, ಮತ್ತೆ ಯಾರೂ ಕೇಳುವ ಹಾಗಿಲ್ಲ. ಮೇಸ್ತ್ರಿಯೂ ಕೇಳಲಿಲ್ಲ.

ಆ ವರ್ಷವೇ ತಾತನ ಹಳೆಯ ಕೋಟನ್ನು ನುಸಿ ತಿಂದು ಜರಡಿ ಮಾಡಿತ್ತು. ಮುದುಕ ಅದನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ಹಾಗೆ ಅತ್ತಿದ್ದ. ದಸರೆಯ ಹೊತ್ತಿಗೆ ಕೋಟು ಸರಿಹೋಯಿತು. ಅಪ್ಪ ತೂತುಗಳನ್ನೆಲ್ಲ ರಫು ಮಾಡಿ ಮುಚ್ಚಿಕೊಟ್ಟ ಎಂದು ಮನೆಯವರೆಲ್ಲ ಕೊಂಡಾಡಿದ್ದರು. ಕಣ್ಣು ಮಂಜಾಗಿದ್ದ ತಾತ ಗುಂಡಿ ತಡವಿ ನೋಡಿ, “ನಂದೇ,” ಎಂದಿದ್ದ.

ಅಪ್ಪ ಸತ್ತು ಆರು ವರ್ಷವಾಯಿತು. ಅಂಗೈಯ ಕಲೆ ಕೊನೆಯವರೆಗೂ ಮಾಸಿರಲಿಲ್ಲ.

ಈಗ ಬಾಯಿ ಬಿಟ್ಟರೆ, ಇದು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅಪ್ಪ ಆರಿಸಿದ ಕರ್ಪೂರವನ್ನು ಮಗನೇ ಮತ್ತೆ ಹಚ್ಚಿದಂತಾಗುತ್ತದೆ, ಇಷ್ಟು ಜನರ ಮುಂದೆ. ಮುನಿಸ್ವಾಮಿ ತಲೆ ಎತ್ತಿದ. ರಾಮಾಂಜಿನಪ್ಪ ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಹೊಸ ಅಳಿಯನ ಠೀವಿಯಲ್ಲಿ. ಹೊಲಿದದ್ದು ನಮ್ಮಪ್ಪ. ಕಾಜ ನನ್ನದು. ತೊಡುವ ಮೈ ಮಾತ್ರ ಇವನದು. ನಾನು ಹೊಲಿದ ಕಾಜವನ್ನೇ ತೊಟ್ಟುಕೊಂಡು, ಕಾಜ ಹೊಲಿಯೋನು ಎಂದು ನನ್ನನ್ನು ಹಂಗಿಸುತ್ತಾನೆ.

“ಹೇಳಪ್ಪ,” ಎಂದ ಮರಿಯಣ್ಣ. “ಯಾವ ಕಾಲದ್ದು ಇದು?”

ಮುನಿಸ್ವಾಮಿ ನಾಲ್ಕು ಗುಂಡಿಯನ್ನೂ ಒಂದೊಂದಾಗಿ ಹಾಕಿದ. ನಾಲ್ಕನೆಯದರ ಮೇಲೆ ಹೆಬ್ಬೆರಳು ಒಂದು ಗಳಿಗೆ ನಿಂತಿತು. ಕೋಟನ್ನು ಕುರ್ಚಿಗೆ ಮತ್ತೆ ತೊಡಿಸಿ, ಭುಜ ಸರಿಮಾಡಿ, ಬಾಗಿಲ ಕಡೆ ತಿರುಗಿದ.

“ಏನೋ, ಬಾಯಿ ಬಿದ್ದೋಯ್ತಾ?” ಎಂದ ದೊಡ್ಡಪ್ಪ. “ಮುನಿ! ಕೇಳ್ತಾ ಇದಾರಲ್ಲೋ!”

“ನಾನು ಹೇಳ್ಲಿಲ್ವಾ ಮಾವಾ?” ರಾಮಾಂಜಿನಪ್ಪ ತೊಡೆ ತಟ್ಟಿಕೊಂಡು ನಕ್ಕ. “ಅವನಿಗೇನ್ ಗೊತ್ತು, ಮಣ್ಣು! ಲೇ ಮುನಿ, ಉಪ್ಪಿಟ್ಟಾದ್ರೂ ತಿನ್ಕೊಂಡು ಹೋಗೋ!”

ಸೆರಗಿನ ನಗು ಮತ್ತೆ ಕೇಳಿಸಿತು. ಮುನಿಸ್ವಾಮಿ ಚಪ್ಪಲಿ ಮೆಟ್ಟಿದ. ಕತ್ತಿನ ಟೇಪನ್ನು ಎಳೆದು, ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತ ಬೀದಿಗಿಳಿದು ನಡೆದ.